ಎಳೆ ಬಾರದ ಎಣ್ಣೆ

“ಈ ಸಲ ಗಾಡಿಯ ಎಣ್ಣಿ ನಾನ ನೋಡ್ತೇನಿ! ಯಾ ಶೋರೂಮಿನವನೂ ಬ್ಯಾಡ, ಯಾ ಮೆಕ್ಯಾನಿಕನೂ ಬ್ಯಾಡ!” ಎಂದು ಸಂಜೀವಕುಮಾರ ಘೋಷಿಸಿದಾಗ, ಬಸವನ ಬಾಗೇವಾಡಿಯ ಆ ಮನೆಯ ಒಲೆಯ ಮೇಲೆ ಪಂಚಮಿ ಉಂಡಿಗೆಂದು ಬೆಲ್ಲದ ಪಾಕ ಕುದಿಯುತ್ತಿತ್ತು. ಹಾಗೆ ಘೋಷಿಸುವ ಹಕ್ಕು ಅವನಿಗಿತ್ತು ಬಿಡಿ. ಮುಳವಾಡದ ಏತ ನೀರಾವರಿಯಲ್ಲಿ ಪಂಪು ನೋಡಿಕೊಳ್ಳುವ ಮನುಷ್ಯ. ಸಾಕ್ಷಾತ್ ಕೃಷ್ಣೆಯನ್ನೇ ದಿಬ್ಬ ಹತ್ತಿಸಿದವನು! ನದಿಯನ್ನು ಹತ್ತಿಸಿದವನಿಗೆ ಒಂದು ಸಣ್ಣ ಕಾರು ಯಾವ ಲೆಕ್ಕ?

ಆದರೆ ಆ ಕಾರು ಅವನದಲ್ಲ, ಹೆಂಡತಿ ಭುವನೇಶ್ವರಿಯದು. ಮಸೂತಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ತಾನೇ ಕೊಂಡದ್ದು, ಐವತ್ತರ ಹೊಸ್ತಿಲಲ್ಲಿ ನಡೆಸಲು ಕಲಿತದ್ದು. ಈ ಪಂಚಮಿಗೆ ಇಂಡಿ ಕಡೆಯ ತನ್ನ ತವರಿಗೆ ತಾನೇ ಕಾರು ನಡೆಸಿಕೊಂಡು ಹೋಗಬೇಕೆಂಬುದು ಅವಳ ಹಟ. ತಾಯಿ ಬಾಳಮ್ಮನೂ ಫೋನಿನಲ್ಲಿ ಕುಣಿದಾಡಿದ್ದಳು: “ನೀ ನಡಿಸ್ಕೋಂತ ಬಾ ಮಗಳ. ನಾ ಊರ ಬಾಗಲಾ ಅಗಸಿ ಮುಂದ ಕುಂತು ನೋಡ್ತೇನಿ. ಆಮ್ಯಾಲೆ ನನ್ನ ಕುಂಡ್ರಿಸ್ಕೊಂಡು ಹೊಲದ ತನಕ ಒಂದು ರೌಂಡ್ ಹೊಡಿ!” ಅಂದಿನಿಂದ ಭುವನೇಶ್ವರಿ ನಿದ್ದೆಯಲ್ಲೂ ಗೇರು ಬದಲಿಸುತ್ತಿದ್ದಳು. ಏಟು ಸಂಜೀವಕುಮಾರನ ಪಕ್ಕೆಗೆ ಬೀಳುತ್ತಿತ್ತು.

ಹಬ್ಬದ ಹಿಂದಿನ ದಿನ ಅವನು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದ. ಬೆರಳು ಬಿಡಿಸಿದ. ಎಳೆ ಬರಲಿಲ್ಲ! ಹಾಲಿರಲಿ, ಮೊಸರಿರಲಿ, ಬೆಲ್ಲದ ಪಾಕವಿರಲಿ, ಈ ಸೀಮೆಯಲ್ಲಿ ದಪ್ಪಗಿದ್ದದ್ದು ಅಸಲಿ, ತೆಳ್ಳಗಿದ್ದದ್ದು ನಕಲಿ. ಅವನು ಅಡುಗೆಮನೆಗೆ ಓಡಿದ.

“ಏ ಭುವನಾ, ಮೋಸ! ನಿನ್ನ ಪಾಕಕ್ಕ ಬರೋ ಎಳಿ ಈ ಎಣ್ಣಿಗೆ ಬರವಲ್ದು. ನೀರು ಹಾಕ್ಯಾರ, ನೀರು!”

“ಪಾಕ ಉಂಡಿ ಕಟ್ಟಾಕ ರೀ. ಎಂಜಿನ್ನಾಗ ಯಾರರ ಉಂಡಿ ಕಟ್ತಾರೇನು?”

“ನಗಬ್ಯಾಡ. ಮುಚ್ಚಳದ ಮ್ಯಾಲೆ ಏನ್ ಬರದೈತಿ ನೋಡಿದೇನು? ಸೊನ್ನಿ ಡಬ್ಲ್ಯೂ ಇಪ್ಪತ್ತು! ಸೊನ್ನಿ ತಗದವನ್ನ ನಿನ್ನ ಸಾಲ್ಯಾಗ ಪಾಸ್ ಮಾಡ್ತೀಯೇನು? ಪ್ಯಾಟ್ಯಾಗ ಇಪ್ಪತ್ತು-ಐವತ್ತು ಅಂತ ಸಿಗತೈತಿ. ಅದು ಎಣ್ಣಿ! ಡಬ್ಬಿ ಬೋರಲ ಹಾಕಿದ್ರ ಇಳಿಯಾಕ ವಿಚಾರ ಮಾಡತೈತಿ.”

ಭುವನೇಶ್ವರಿ ಸೌಟು ಕೆಳಗಿಟ್ಟಳು. “ಅವು ಮಾರ್ಕ್ಸ್ ಅಲ್ರಿ, ಎಣ್ಣಿ ಎಷ್ಟು ದಪ್ಪ ಅನ್ನೋ ನಂಬರು. ಈಗಿನ ಎಂಜಿನ್ನಾಗ ಎಣ್ಣಿ ಹರಿಯೋ ದಾರಿ ಭಾಳ ಸಣ್ಣಾವಂತ. ತೆಳ್ಳಗಿದ್ರನ ಮೂಲಿಮೂಲಿಗೆ ಮುಟ್ಟೋದು. ನೀವು ಕೈ ಹಚ್ಚಬ್ಯಾಡ್ರಿ. ನಿಮ್ಮ ಪಂಪ್‌ಹೌಸ್ ಅಲ್ಲ ಇದು.”

ಪಂಪ್‌ಹೌಸಿನ ಸುದ್ದಿ ತೆಗೆಯಬಾರದಿತ್ತು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಅವಳು ಬಳೆಗಾರನ ಅಂಗಡಿಗೆ ಹೋದದ್ದೇ ತಡ, ಮಹಾಶಯ ಕಾರಿನ ಕೆಳಗೆ ನುಗ್ಗಿದ. ಒಳ್ಳೆಯ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿ, ಜೇನಿನಂಥ ದಪ್ಪ ಎಣ್ಣೆಯನ್ನು ಅಭಿಷೇಕ ಮಾಡಿದ. ಅದು ಇಳಿಯುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಯಿತು. ಕೈ ತೊಳೆದು, ಮೀಸೆ ತಿರುವಿ, ಹೆಂಡತಿ ಬಂದಾಗ ಏನೂ ತಿಳಿಯದವನಂತೆ ಶೇಂಗಾ ಉಂಡಿ ತಿನ್ನುತ್ತ ಕುಳಿತ.

ಮರುದಿನ ಭುವನೇಶ್ವರಿ ಇಳಕಲ್ ಸೀರೆ ಉಟ್ಟು ಸ್ಟೇರಿಂಗ್ ಹಿಡಿದಳು. ಕಾರು ಶುರುವಾಗುವಾಗಲೇ ಗಂಟಲು ಕಟ್ಟಿದವರಂತೆ ಕೆಮ್ಮಿತು. ಒಳಗೆ ಟಕಟಕ ಸದ್ದು.

“ಏನ್ರಿ ಇದು ಸಪ್ಪಳಾ?”

“ಹೊಸಾ ಗಾಡಿ. ಹಂಗ ಇರತೈತಿ.”

ವಿಜಯಪುರದ ತನಕ ಕಾರು ಹೇಗೋ ಬಂತು. ದಾಟಿ ಇಂಡಿ ರಸ್ತೆ ಹಿಡಿದ ಮೇಲೆ, ಎಡಬಲಕ್ಕೆ ನಿಂಬೆತೋಟ ಶುರುವಾದಲ್ಲಿ, ಸ್ಟೇರಿಂಗಿನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿತು. ಎಕ್ಸಲರೇಟರ್ ಎಷ್ಟು ಒತ್ತಿದರೂ ಕಾರು ಎತ್ತಿನ ಬಂಡಿಯಾಗಿ ತೆವಳತೊಡಗಿತು. ಕೊನೆಗೆ ಒಂದು ಬೇವಿನ ಮರದ ಬುಡದಲ್ಲಿ ಅದು ನಿಂತೇ ಹೋಯಿತು.

ಭುವನೇಶ್ವರಿಯ ಮುಖ ಬಾಡಿತು. “ನಾ ಏನರ ತಪ್ಪು ಮಾಡಿದ್ನೇನ್ರಿ? ಗೇರ್ ತಪ್ಪು ಹಾಕಿದ್ನೇನು?”

ಹೇಳಬೇಕಾದ ಹೊತ್ತು ಅದೇ ಆಗಿತ್ತು. ‘ಇಲ್ಲ ಭುವನಾ, ತಪ್ಪು ನಂದು’ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಬಾಯಿಯಿಂದ ಬಂದದ್ದು ಬೇರೆಯೇ: “ಕ್ಲಚ್ ಸ್ವಲ್ಪ ಸಾವಕಾಶ ಬಿಡಬೇಕಾಗಿತ್ತು ನೋಡು.” ಅಯ್ಯೋ, ಆ ನಾಲಿಗೆಗೆ ಏನು ಬಂದಿತ್ತೋ! ಅವಳು ಕೈ ಮಡಿಲಲ್ಲಿಟ್ಟುಕೊಂಡು, ಹೊಸ ಬಳೆಗಳನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು.  ಸಂಜೀವಕುಮಾರನ ಬಾಯಿಗೆ ಬಿಸಿತುಪ್ಪ ಬಿದ್ದಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಅಷ್ಟರಲ್ಲಿ ನಿಂಬೆಹಣ್ಣಿನ ಚೀಲ ಹೇರಿಕೊಂಡು ಅವಳ ತವರೂರಿನ ಜಹೀರ ಟ್ರಾಕ್ಟರ್‌ನಲ್ಲಿ ಬಂದ. “ಯಾಕ್ರಿ ಅಕ್ಕಾರ, ಗಾಡಿ ಕೈ ಕೊಟ್ತೇನು?” ಎಂದು ಹಗ್ಗ ಕಟ್ಟಿದ. ಭುವನೇಶ್ವರಿ ಸ್ಟೇರಿಂಗ್ ಹಿಡಿದಳು. ನಾಚಿಕೆಯಿಂದ ಅವಳ ಪಕ್ಕ ಕೂರಲಾರದೆ ಸಂಜೀವಕುಮಾರ ನಿಂಬೆ ಚೀಲಗಳ ಮೇಲೆ ಏರಿ ಕುಳಿತ. ಹೀಗೆ ಹೊರಟಿತು ತವರಿನ ಮೆರವಣಿಗೆ!

ಅಗಸಿಯ ಮುಂದೆ ಬಾಳಮ್ಮ ಕುಳಿತೇ ಇದ್ದಳು. ಪಕ್ಕದಲ್ಲಿ ಅರ್ಧ ಊರು. ಭುವನೇಶ್ವರಿಯ ತಮ್ಮ ಶ್ರೀಶೈಲಪ್ಪ ಹಗ್ಗ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಾ ಹೇಳಿದ್ದಿಲ್ಲೇನವಾ? ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗ ಹಗ್ಗ ಹಾಕಿ ಎಳಕೊಂಡ ಬರಬೇಕಾಗತೈತಿ!”

ಊರೆಲ್ಲ ನಕ್ಕಿತು. ಭುವನೇಶ್ವರಿ ಕಾರಿನಿಂದ ಇಳಿಯಲಿಲ್ಲ. ಅವಳ ಕಣ್ಣು ತುಂಬಿದ್ದು ಚೀಲಗಳ ಮೇಲಿನಿಂದಲೇ ಸಂಜೀವಕುಮಾರನಿಗೆ ಕಂಡಿತು. ಇನ್ನು ತಡೆಯಲಾಗಲಿಲ್ಲ. ಅಲ್ಲಿಯೇ ಎದ್ದು ನಿಂತು ಕೂಗಿದ: “ನಗಬ್ಯಾಡ್ರಿ! ಗಾಡಿ ಕೆಡಿಸಿದಾಕಿ ಅಕಿ ಅಲ್ಲ, ನಾನು! ಬ್ಯಾಡ ಅಂದ್ರೂ ಕದ್ದು ದಪ್ಪ ಎಣ್ಣಿ ಹಾಕಿದವ ನಾನು!”

 ಭುವನೇಶ್ವರಿ ಕಿಟಕಿಯಿಂದ ತಲೆ ಹೊರಹಾಕಿ ಅವನನ್ನೇ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ಶ್ರೀಶೈಲಪ್ಪ ಕೈಮುಗಿದ. “ಮಾವಾರ, ನಿಮ್ಮಂಥಾ ಮನಶ್ಯಾ ಸಿಗೂದಿಲ್ರಿ. ಹೆಂಡ್ತಿ ಮರ್ಯಾದಿ ಉಳಸಾಕ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಲ್ಲ!”

“ಇಲ್ಲೋ ಮಾರಾಯಾ, ಖರೇನ ನಂದ ತಪ್ಪು! ಆಣಿ ಮಾಡ್ತೇನಿ!”

“ನೋಡ್ರೆವ್ವಾ, ಆಣೀನೂ ಮಾಡಾಕತ್ತಾರ!” ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಹೇಳಿದಷ್ಟೂ ಅವನ ಕೀರ್ತಿ ಬೆಳೆಯಿತು, ಅವಳ ಮಾನ ಅಷ್ಟಷ್ಟೇ ಇಳಿಯಿತು.

ಇಂಡಿಯಿಂದ ಮೆಕ್ಯಾನಿಕ್ ಇಜಾಜ ಬಂದು ದಪ್ಪ ಎಣ್ಣೆಯನ್ನು ಇಳಿಸಿ ತೆಳ್ಳನೆಯದನ್ನು ಹಾಕಿದ. ದೀಪ ಆರಿತು, ಟಕಟಕ ನಿಂತಿತು. “ಎಣ್ಣಿ ದಪ್ಪ ಆಗಿ ಗಾಡಿ ಕುಂತಿತ್ರಿ” ಎಂದ.

“ಕೇಳಿದ್ರಿಲ್ಲೋ!” ಎಂದು ಸಂಜೀವಕುಮಾರ ಜಿಗಿದ. ತಪ್ಪಿತಸ್ಥನೆಂದು ಸಾಬೀತಾದದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯ ಲೋಕದಲ್ಲಿ ಇನ್ನೊಬ್ಬನಿರಲಾರ!

ಶ್ರೀಶೈಲಪ್ಪ ಅಲುಗಲಿಲ್ಲ. “ಎಣ್ಣಿ ಯಾವುದಾದ್ರೇನ್ರಿ ಮಾವಾರ? ನೀವ ನಡಿಸಿದ್ರ ಬರ್ತಿತ್ತು.”

ಹೊಲಕ್ಕೆ ಹೊರಡುವ ಹೊತ್ತಾಯಿತು. ಭುವನೇಶ್ವರಿ ಕೀಲಿ ಹಿಡಿದು ಬಾಗಿಲು ತೆರೆದಳು. ಒಳಗೆ ಒಂದು ಕಾಲಿಟ್ಟ ಬಾಳಮ್ಮ ಅಲ್ಲಿಯೇ ತಡೆದಳು. ಮಗಳ ಗಲ್ಲ ಸವರಿ, ಬಹಳ ಪ್ರೀತಿಯಿಂದಲೇ ಅಂದಳು: “ಗಾಡಿ ಅಳಿಯಂದ್ರ ಕೈಯಾಗ ಕೊಡವಾ. ಮುದುಕಿ ನಾನು. ಎಲ್ಲೆರ ನಿಂತ್ರ ನಡಿಯೋದು ಆಗೂದಿಲ್ಲ.”

 ಭುವನೇಶ್ವರಿ ಬಂದು ಗಂಡನ ಅಂಗೈಯಲ್ಲಿ ಕೀಲಿ ಇಟ್ಟಳು. ಸಂಜೀವಕುಮಾರ ಅದನ್ನು ತಿರುಗಿ ಅವಳತ್ತ ಚಾಚಿದ.

“ನೀನ ನಡಸು ಭುವನಾ. ಬೇಕಾದ್ರ ಎಲ್ಲಾರ ಮುಂದ ನಿನ್ನ ಕಾಲಿಗೆ ಬೀಳ್ತೇನಿ.”

“ಬ್ಯಾಡ್ರಿ,” ಎಂದಳು ಅವಳು, ಹಿಂದಿನ ಸೀಟಿನ ಬಾಗಿಲು ತೆರೆಯುತ್ತ. “ನೀವು ಕಾಲಿಗೆ ಬಿದ್ರ, ‘ಎಂಥಾ ಗಂಡಪಾ!’ ಅಂತ ಅದಕ್ಕೂ ನಿಮಗ ಶಾಲು ಹೊದಸ್ತಾರ.”