ಮೈಕಣ್ಣನ ದೊಡ್ಡ ಬಾಯಿಯ ಕಾರ್ಬುರೇಟರ್

ಮೈಕಣ್ಣನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವುದು ಅವನ ಕಸುಬು. ಹೆಸರೂ ಅದರಿಂದಲೇ ಬಂದದ್ದು. ಆ ದಿನ ಅವನು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಒಂದೇ ಒಂದು ಸಲ "ಹಲೋ" ಎಂದ. ಮುಖ್ಯೋಪಾಧ್ಯಾಯರ ಕೋಣೆಯ ಗಡಿಯಾರ ಗೋಡೆಯಿಂದ ಕೆಳಗೆ ಬಿತ್ತು.

"ಪೂರ್ತಿ ದನೀಲಿ ಒಡೆಯದ ಪೆಟ್ಟಿಗೆ ಕಮ್ಮಿ ದನೀಲಿ ಒಡೆಯೋಕೆ ಸಾಧ್ಯಾನೇ ಇಲ್ಲ, ಮೇಷ್ಟ್ರೇ. ಪರೀಕ್ಷೆ ಅಂದ್ರೆ ಇಷ್ಟೇ" ಎಂದು ನನಗೆ ವಿವರಿಸಿದ.

ಧ್ವನಿವರ್ಧಕದ ಮಟ್ಟಿಗೆ ಈ ಸಿದ್ಧಾಂತದಿಂದ ಅವನಿಗೆ ನಷ್ಟವೇನೂ ಆಗಲಿಲ್ಲ. ಕಷ್ಟ ಶುರುವಾದದ್ದು ಅದನ್ನು ಕಾರಿಗೆ ಅನ್ವಯಿಸಿದಾಗ.

ಕಾರು ಅವನ ಮಾವನವರದು. ವಯಸ್ಸಾಯಿತೆಂದು ಅವರು ಅದನ್ನು ಮಗಳಿಗೆ ಕೊಟ್ಟಿದ್ದರು. ಮಗಳು, ಅಂದರೆ ಮೈಕಣ್ಣನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹುದ್ದೆಯೊಂದು ಖಾಲಿಯಾಗಿತ್ತು. ಅದರ ಮೇಲೆ ಅವಳಿಗೆ ಬಹಳ ದಿನಗಳಿಂದ ಕಣ್ಣು. ಕಾರು ಓಡಿಸುವ ಪರವಾನಗಿ ಇದ್ದವರಿಗೆ ಮಾತ್ರ ಆ ಹುದ್ದೆ. ತಿಂಗಳೊಳಗೆ ಅದನ್ನು ತಂದು ತೋರಿಸದಿದ್ದರೆ ಬೇರೆಯವರ ಪಾಲು.

ಹೆಂಡತಿ ಓಡಿಸಲು ಕಲಿಯಲಿರುವ ಕಾರು ಮುದಿ ಮೇಕೆಯಂತೆ ಹೋಗಬಾರದು ಎಂದು ಮೈಕಣ್ಣ ಪಣ ತೊಟ್ಟ. "ಈ ಬೀದಿಯ ಆ ತುದೀಲಿ ನಮ್ಮ ಕಾರು ತಿರುಗಿದ್ರೆ, ಈ ತುದೀಲಿ ಕಿಟಕಿ ಗಾಜೆಲ್ಲ ಎದ್ದು ನಿಂತು ನಮಸ್ಕಾರ ಹೇಳ್ಬೇಕು" ಎಂದ. ಗ್ಯಾರೇಜಿನಲ್ಲಿ ಎಂಜಿನ್ನು ಬಿಚ್ಚಿಸಿ, ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ನು ಹಾಕಿಸಿದ. ಇನ್ನು ಉಳಿದದ್ದು ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬುರೇಟರು.

ಬಿಡಿಭಾಗಗಳ ಅಂಗಡಿಯವನು ಮೇಜಿನ ಮೇಲೆ ಎರಡನ್ನು ಇಟ್ಟ. ಒಂದು ಅಂಗೈಯಲ್ಲಿ ಕೂರುವಂಥದು. ಇನ್ನೊಂದಕ್ಕೆ ಎರಡು ಬಾಯಿ, ಒಂದೊಂದರಲ್ಲೂ ಮೊಟ್ಟೆ ಇಟ್ಟರೆ ನೇರ ಒಳಗೆ ಉರುಳಬೇಕು, ಅಷ್ಟು ಅಗಲ. ಬೀದಿಯಲ್ಲಿ ಓಡಿಸುವುದಕ್ಕೋ ಪಂದ್ಯಕ್ಕೋ ಎಂದು ಅಂಗಡಿಯವನು ಕೇಳಿದನಂತೆ. ಮೈಕಣ್ಣನ ಕಿವಿಗೆ ಅದು ಬೀಳಲಿಲ್ಲ. ಅವನಾಗಲೇ ದೊಡ್ಡದನ್ನು ಮಗುವಿನಂತೆ ಎತ್ತಿಕೊಂಡಿದ್ದ.

ಇಲ್ಲಿ ನಾನು ಸ್ವಲ್ಪ ಪಾಠ ಹೇಳಬೇಕು. ಹಳೆಯ ಚಾಳಿ, ಓದುಗರು ಮನ್ನಿಸಬೇಕು. ತುಟಿ ಚೂಪು ಮಾಡಿ ಊದಿದರೆ ದೀಪ ಆರುತ್ತದೆ. ಬಾಯಿ ಅಗಲಿಸಿ ಉಸಿರು ಬಿಟ್ಟರೆ ಎದುರಿನ ಕನ್ನಡಿ ಮಬ್ಬಾಗುತ್ತದೆ, ಅಷ್ಟೆ. ಕಾರ್ಬುರೇಟರಿನದೂ ಇದೇ ಕಥೆ. ಗಂಟಲು ಕಿರಿದಾಗಿದ್ದರೆ ಗಾಳಿ ರಭಸದಿಂದ ನುಗ್ಗಿ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಗಂಟಲು ಅತಿ ಅಗಲವಾದರೆ, ಎಂಜಿನ್ನು ಜೋರಾಗಿ ತಿರುಗುವಾಗ ಮಾತ್ರ ಊಟ ಸರಿಯಾಗಿ ಇಳಿಯುತ್ತದೆ. ನಿಧಾನವಾಗಿ ಹೋಗುವಾಗ ಉಪವಾಸ.

ಮೈಕಣ್ಣ ಕಾರನ್ನು ಊರಾಚೆಯ ಬಯಲಿಗೆ ಒಯ್ದು, ಎಂಜಿನ್ನನ್ನು ಪೂರ್ತಿ ಗರ್ಜಿಸಲು ಬಿಟ್ಟು, ಕಿವಿಗೊಟ್ಟು ಕೇಳಿ, ಸ್ಕ್ರೂಗಳನ್ನು ತಿರುಗಿಸಿದ. ಪೂರ್ತಿ ದನಿಯಲ್ಲಿ ಒಡಕಿರಲಿಲ್ಲ. ಬೀಗುತ್ತ ಮನೆಗೆ ಬಂದ.

ಮರುದಿನದಿಂದ ಹೆಂಡತಿಯ ಅಭ್ಯಾಸ. ಪಕ್ಕದಲ್ಲಿ ಮೈಕಣ್ಣ. ಅವಳು ಮೆಲ್ಲನೆ ಆಕ್ಸಿಲರೇಟರ್ ಒತ್ತಿದರೆ ಕಾರು ಕೆಮ್ಮುತ್ತಿತ್ತು. ಇನ್ನಷ್ಟು ಒತ್ತಿದರೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಹೆದರಿ ಪೂರ್ತಿ ಒತ್ತಿದರೆ ಕಪ್ಪೆಯಂತೆ ನೆಗೆಯುತ್ತಿತ್ತು.

"ಕಾಲು ಕಣೇ, ಎಲ್ಲ ನಿನ್ನ ಕಾಲಿಂದು" ಎಂದು ಮೈಕಣ್ಣ ತೀರ್ಪು ಕೊಟ್ಟ. "ಇಂಜೆಕ್ಷನ್ ಚುಚ್ಚೋ ಅವಸರ ಇಲ್ಲಿ ನಡೆಯಲ್ಲ."

"ನಿಧಾನಕ್ಕೇ ಒತ್ತಿದ್ದು, ರೀ."

"ನಿಧಾನ ಅಂತ ನಿನಗೆ ಅನ್ಸುತ್ತೆ. ಕಾರಿಗೆ ಅನ್ಸಬೇಕಲ್ಲ?"

ಪಾಪ, ಅವಳು ಅಡುಗೆಮನೆಯಲ್ಲಿ ನಿಂತಾಗಲೂ ಬಲಗಾಲನ್ನು ಮೆಲ್ಲಗೆ ನೆಲಕ್ಕೆ ಒತ್ತಿ ಅಭ್ಯಾಸ ಮಾಡುತ್ತಿದ್ದಳಂತೆ.

ಹೀಗಿರಲು ಒಂದು ಬೆಳಿಗ್ಗೆ ಮೈಕಣ್ಣ ಒಬ್ಬನೇ ಕಾರು ತೆಗೆದ. ಹಾಲಿನ ಅಂಗಡಿಯ ಮುಂದೆ ಜನ ದಾಟುತ್ತಿದ್ದರೆಂದು ಮೆಲ್ಲಗೆ ಹೋಗಬೇಕಾಯಿತು. ಕಾರು ಕೆಮ್ಮಿತು, ನಿಂತಿತು. ಮತ್ತೆ ಎಬ್ಬಿಸಿದ, ಮತ್ತೆ ಕೆಮ್ಮಿತು, ನಿಂತಿತು. ಅಲ್ಲಿ ಹೆಂಡತಿಯ ಕಾಲಿರಲಿಲ್ಲ, ತನ್ನದೇ ಇತ್ತು. ತಪ್ಪು ಆ ದೊಡ್ಡ ಬಾಯಿಯದು ಎಂದು ಅವನಿಗೆ ಆ ಗಳಿಗೆಯಲ್ಲೇ ತಿಳಿಯಿತು. ಆದರೆ ಮನೆಗೆ ಹೋಗಿ ಹೇಳುವುದು ಹೇಗೆ? ಅಷ್ಟು ದಿನ ಬೈಸಿಕೊಂಡ ಕಾಲಿಗೆ ಏನೆಂದು ಉತ್ತರ ಕೊಡುವುದು? ಪರೀಕ್ಷೆ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಒಂದು ಸ್ಕ್ರೂ ಬಿಗಿದು, ನಿಂತಾಗಲೂ ಎಂಜಿನ್ನು ಅಬ್ಬರಿಸುವಂತೆ ಮಾಡಿಟ್ಟ. ಹೆಂಡತಿ ಕೇಳಿದ್ದಕ್ಕೆ, "ನಿನಗೋಸ್ಕರ ಸುಲಭ ಮಾಡಿದ್ದೀನಿ" ಎಂದ.

ಪರೀಕ್ಷೆಯ ದಿನ ಮೈದಾನದ ತುಂಬ ಜನ. ಪರೀಕ್ಷಕರು ಪಕ್ಕದಲ್ಲಿ ಕುಳಿತು, ನೆಲದ ಮೇಲೆ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಲು ಹೇಳಿದರು. ಅವಳು ಕ್ಲಚ್ಚು ಬಿಟ್ಟದ್ದೇ ತಡ, ಕಾರು ಹಾರಿ ಒಂದು ಕೋನನ್ನು ಅಪ್ಪಿಕೊಂಡಿತು. ಬೆದರಿ ಬ್ರೇಕು ಹಾಕಿ ಮತ್ತೆ ಒತ್ತಿದಳು. ಕೆಮ್ಮಿ ಸತ್ತಿತು. ಪರೀಕ್ಷಕರು ಟೋಪಿ ಸರಿಪಡಿಸಿಕೊಂಡು ಇಳಿದರು. ಮುಂದಿನ ತಿಂಗಳು ಬರಬೇಕೆಂದರು.

ಅವಳು ನೇರ ಮೈಕಣ್ಣ ಕುಳಿತಿದ್ದ ಬೆಂಚಿನ ಬಳಿಗೆ ಬಂದಳು. ಅತ್ತಿರಲಿಲ್ಲ. "ತಪ್ಪಾಯ್ತು ರೀ. ನೀವು ಅಷ್ಟು ಆಸೆಯಿಂದ ಮಾಡಿಸಿದ ಕಾರು. ನನ್ನ ಕಾಲಿಗೆ ಯೋಗ್ಯತೆ ಇಲ್ಲ" ಎಂದಳು.

ಬೈದಿದ್ದರೆ ಮೈಕಣ್ಣ ತಡೆದುಕೊಳ್ಳುತ್ತಿದ್ದ. ಕ್ಷಮೆ ಕೇಳಿದ್ದು ಅವನ ಎದೆಗೆ ನಾಟಿತು. ಎದ್ದುಹೋಗಿ ಪರೀಕ್ಷಕರ ಮುಂದೆ ನಿಂತು, ತಪ್ಪು ಅವಳದಲ್ಲ, ಕಾರಿನದು ಎಂದ.

"ಗಂಡಂದಿರೆಲ್ಲ ಹೀಗೇ ಹೇಳೋದು" ಎಂದರು ಪರೀಕ್ಷಕರು. "ಎಲ್ಲಿ, ನೀವೇ ಒಂದು ಸುತ್ತು ಹಾಕಿ ನೋಡೋಣ."

ಮೈಕಣ್ಣ ಕುಳಿತ. ಅಭ್ಯಾಸಬಲ ನೋಡಿ: ಅರ್ಧ ಕ್ಲಚ್ಚು ಹಿಡಿದು, ಎಂಜಿನ್ನನ್ನು ಅಬ್ಬರದಲ್ಲೇ ಇಟ್ಟು, ಎಂಟರ ಮೊದಲ ಸೊನ್ನೆಯನ್ನು ರೇಖಾಗಣಿತದ ಪುಸ್ತಕದಲ್ಲಿ ಬರೆದಂತೆ ಸುತ್ತಿಬಿಟ್ಟ. ಸಾಲಿನಲ್ಲಿದ್ದವರು ತಲೆದೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಮೈಕಣ್ಣನ ಮೀಸೆ ಇನ್ನೇನು ಮೇಲೇಳಬೇಕು, ಆಗ ಕನ್ನಡಿಯಲ್ಲಿ ಹೆಂಡತಿ ಕಂಡಳು. ತನ್ನ ಬಲಗಾಲನ್ನೇ ನೋಡುತ್ತ ನಿಂತಿದ್ದಳು.

ಸುತ್ತು ಮುಗಿಸಿದರೆ ತಾನು ಜಾಣ, ಅವಳು ದಡ್ಡಿ. ಮೈಕಣ್ಣ ಕ್ಲಚ್ಚಿನಿಂದ ಕಾಲು ಎತ್ತಿದ, ಆಕ್ಸಿಲರೇಟರನ್ನೂ ಬಿಟ್ಟ, ಆಮೇಲೆ ಅವಳು ಒತ್ತುತ್ತಿದ್ದ ಹಾಗೆ ಮೆಲ್ಲಗೆ, ಮರ್ಯಾದೆಯಿಂದ ಒತ್ತಿದ. ಕಾರು ಕೆಮ್ಮಿತು, ನೆಗೆಯಿತು, ಮೈದಾನದ ನಟ್ಟನಡುವೆ ಪ್ರಾಣ ಬಿಟ್ಟಿತು. ಎಬ್ಬಿಸಲು ಪ್ರಯತ್ನಿಸಿದಷ್ಟೂ ಪೆಟ್ರೋಲು ವಾಸನೆ ಏರಿತು. ಚಪ್ಪಾಳೆ ತಟ್ಟಿದವರೇ ಬಂದು ತಳ್ಳಬೇಕಾಯಿತು. ತಲೆ ತಗ್ಗಿಸಿ ಇಳಿದು, ಅಷ್ಟೂ ಜನರ ಎದುರು ಅವನು ಹೇಳಿದ: "ಕಾರ್ಬುರೇಟರ್ ಆರಿಸಿದ್ದು ನಾನು. ತಪ್ಪು ಅಂತ ನನಗೆ ಮೊದ್ಲೇ ಗೊತ್ತಿತ್ತು. ಆದ್ರೂ ತಪ್ಪು ಇವಳ ಕಾಲಿಂದೇ ಅಂತ ಬಿಟ್ಟಿದ್ದೆ."

ಪರೀಕ್ಷಕರು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಇದನ್ನ ಇಷ್ಟು ದಿನ ಓಡಿಸಿದ್ದೀರಾ ತಾಯಿ? ಬನ್ನಿ, ಡ್ರೈವಿಂಗ್ ಶಾಲೆ ಕಾರಿದೆ, ಅದರಲ್ಲಿ ತೋರಿಸಿ" ಎಂದರು. ಆ ಸಾಧು ಕಾರನ್ನು ಅವಳು ಕೋನುಗಳ ನಡುವೆ ನೀರಿನಂತೆ ಹರಿಸಿದಳು.

ಇಬ್ಬರೂ ಮನೆಗೆ ಬಂದರು. ಬಾಗಿಲ ಬೀಗ ತೆಗೆಯುತ್ತ ಅವಳು ಒಂದೇ ಮಾತು ಕೇಳಿದಳಂತೆ: "ಯಾವತ್ತಿಂದ ಗೊತ್ತಿತ್ತು?" ಮೈಕಣ್ಣ ಹೇಳಿದ. ಆ ರಾತ್ರಿ ಅವನ ಊಟ ಅವನೇ ಬಡಿಸಿಕೊಂಡ.

ಈಗ ಅವಳು ಆ ಹುದ್ದೆಯಲ್ಲಿದ್ದಾಳೆ. ಕಾರಿನಲ್ಲಿ ಅಂಗೈಯಗಲದ ಕಾರ್ಬುರೇಟರಿದೆ. ಭಾನುವಾರ ಬೆಳಿಗ್ಗೆ ಅವಳು ಕಾರನ್ನು ಬೀದಿಯಲ್ಲಿ ಆಮೆಯಂತೆ ಓಡಿಸುತ್ತಾಳೆ. ಮೈಕಣ್ಣ ಸ್ಕ್ರೂಡ್ರೈವರ್ ಹಿಡಿದು, ಬಾನೆಟ್ಟಿನ ಕಡೆ ಕಿವಿಯಿಟ್ಟು, ಪಕ್ಕದಲ್ಲೇ ನಡೆಯುತ್ತಾನೆ. ಮೊನ್ನೆ ಎದುರಾದಾಗ ಏನಪ್ಪಾ ಇದು ಎಂದು ಕೇಳಿದೆ.

"ಟ್ಯೂನಿಂಗ್, ಮೇಷ್ಟ್ರೇ. ನಿಧಾನಕ್ಕೆ ಹೋಗುವಾಗಲೇ ಕೇಳ್ಬೇಕು" ಎಂದ ಗಂಭೀರವಾಗಿ.

ಒಳಗಿನಿಂದ ಅವಳು ಕಿಟಕಿಯ ಗಾಜು ಇಳಿಸಿದಳು. "ಟ್ಯೂನಿಂಗ್ ಹೋದ ವಾರಾನೇ ಮುಗೀತು, ಮೇಷ್ಟ್ರೇ. ಒಳಗೆ ಕೂತ್ರೆ ಪಾಠ ಹೇಳ್ತಾರೆ ಅಂತ ಇಳಿಸಿದ್ದೀನಿ."