ಯಂತ್ರ ಬಂತು, ಸ್ವಲ್ಪ ಸರಿದು ಕೂರಿ

ಯಂತ್ರಗಳಿಗೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ. ನಾನು ಹತ್ತಿದ ಲಿಫ್ಟು ಎರಡು ಮಹಡಿಗಳ ನಡುವೆ ನಿಲ್ಲುತ್ತದೆ. ಮೆಟ್ರೋ ಗೇಟು ನನ್ನ ಮುಂದಿನವರನ್ನು ಮರ್ಯಾದೆಯಿಂದ ಬಿಟ್ಟು, ಸರಿಯಾಗಿ ನನ್ನ ಹೊಟ್ಟೆಯ ಮೇಲೆ ಮುಚ್ಚಿಕೊಳ್ಳುತ್ತದೆ. ಇಂಥವು ನನಗೆ ಆಗುತ್ತಲೇ ಇರುತ್ತವೆ, ಆದ್ದರಿಂದ ಬೇಜಾರಿಲ್ಲ. ಆದರೆ ಇಂಥ ನನ್ನನ್ನೇ ಹುಡುಕಿ ದೆಹಲಿಯ ಒಂದು ಸರ್ಕಾರಿ ಕಚೇರಿ ಯಾಂತ್ರೀಕರಣದ ವಿಷಯಕ್ಕೆ ಕೂರಿಸಿತಲ್ಲ, ಅಲ್ಲಿಂದ ಶುರುವಾಯಿತು ನೋಡಿ.

ನಾನು ತಜ್ಞನಾದದ್ದು

ನಾನು ಓದಿದ್ದು ಧಾರವಾಡದಲ್ಲಿ, ಇತಿಹಾಸ. ದೆಹಲಿಗೆ ಬಂದು ಗುಮಾಸ್ತನಾಗಿ, ಸವೆದು ಸವೆದು ಸೆಕ್ಷನ್ ಆಫೀಸರ್ ಆದವನು. ಒಂದು ದಿನ ನಮ್ಮ ಜೆರಾಕ್ಸ್ ಯಂತ್ರ ಕೆಟ್ಟು ಕೂತಿತ್ತು. ಸಿಟ್ಟು ತಡೆಯಲಾರದೆ ಅದರ ಪಕ್ಕೆಗೆ ಒಂದು ಗುದ್ದಿದೆ. ಅದು ಗರ್ ಎಂದು ಎದ್ದು ಹಾಳೆಗಳನ್ನು ಉಗುಳತೊಡಗಿತು. ತಿರುಗಿ ನೋಡಿದರೆ ಬಾಗಿಲಲ್ಲಿ ನಮ್ಮ ಜಾಯಿಂಟ್ ಸೆಕ್ರೆಟರಿ ಸಾಹೇಬರು.

"ಅರೇ ವಾಹ್! ನಿಮಗೆ ಟೆಕ್ನಿಕಲ್ ತಲೆ ಇದೆಯಲ್ಲ!" ಎಂದರು.

ಮರುವಾರವೇ ಆದೇಶ ಬಂತು. ರೋಬೋಟುಗಳಿಂದ ನೌಕರಿ ಏನಾದೀತು, ಬೇಸಾಯ ಏನಾದೀತು, ದೇಶದ ಹಣಕಾಸು ಏನಾದೀತು ಎಂಬ ಫೈಲುಗಳೆಲ್ಲ ಇನ್ನು ಮುಂದೆ ನನ್ನ ಸೆಕ್ಷನ್ನಿಗೆ.

ಕೆಲವು ತಿಂಗಳು ಹಾಯಾಗಿತ್ತು. "ಯಂತ್ರಗಳಿಂದ ಕೆಲವು ಹುದ್ದೆಗಳು ಹೋಗಬಹುದು, ಆದರೆ ಗಾಬರಿಗೆ ಕಾರಣವಿಲ್ಲ" ಎಂದು ದೇಶದ ಜನಕ್ಕೆಲ್ಲ ಧೈರ್ಯ ಹೇಳುತ್ತಾ ಕೂತಿದ್ದೆ. ಊರವರ ಕೆಲಸ ಹೋಗುವುದರ ಬಗ್ಗೆ ಬರೆಯುವಾಗ ಕೈ ಸರಾಗವಾಗಿ ಓಡುತ್ತದೆ. ಹೀಗಿರುವಾಗ ಸಾಹೇಬರು ಕರೆಸಿದರು.

"ಫೈಲಿಗೆ ಟಿಪ್ಪಣಿ ಬರೆಯುವ ಒಂದು ಸಾಫ್ಟ್‌ವೇರ್ ಬರುತ್ತಿದೆ. ಪ್ರಯೋಗ ನಿಮ್ಮ ಸೆಕ್ಷನ್ನಿನಲ್ಲೇ. ಅದು ಕೆಲಸ ಮಾಡಿದರೆ ಸೆಕ್ಷನ್ ಮುಚ್ಚಿಬಿಡೋಣ."

"ಮತ್ತೆ ನಾನು, ಸರ್?"

"ನಿಮ್ಮನ್ನು ದೆಹಲಿಯ ಹೊರಗೆ ಎಲ್ಲಾದರೂ ಹಾಕೋಣ."

ದೆಹಲಿಯ ಹೊರಗೆ ಎಂದರೆ ಕಿದ್ವಾಯಿ ನಗರದ ಕ್ವಾರ್ಟರ್ಸ್ ಹೋಯಿತು. ವರ್ಷಗಟ್ಟಲೆ ಕಾದು ಸಿಕ್ಕಿದ ಮನೆ ಅದು. ಮಗಳು ಹನ್ನೆರಡನೇ ಕ್ಲಾಸು. ಹೆಂಡತಿ ಈಗಷ್ಟೇ ಬಾಲ್ಕನಿಯಲ್ಲಿ ಪೇಂಟ್ ಡಬ್ಬದೊಳಗೆ ಕರಿಬೇವಿನ ಗಿಡ ಹಿಡಿಸಿದ್ದಳು. ಇದನ್ನೆಲ್ಲ ನನ್ನ ಮುಖದ ಮೇಲೆ ಓದಿದ ಸಾಹೇಬರಿಗೆ ಕನಿಕರ ಬಂತು.

"ಗಾಬರಿಗೆ ಕಾರಣವಿಲ್ಲ. ನೀವೇ ಬರೆದಿದ್ದೀರಲ್ಲ," ಎಂದು ಸಮಾಧಾನ ಹೇಳಿದರು.

ದುಂಡಣ್ಣ

ಮನೆಗೆ ಬಂದು ಸುದ್ದಿ ಹೇಳಿದೆ. ಅರ್ಧ ಹಿಂದಿಯಲ್ಲೇ ಮಾತಾಡುವ ಮಗಳು, "ಪಪ್ಪಾ, ಆಪ್ ಮಷೀನ್‌ಗೆ ಡರ್ತೀರಾ. ಮನೇಲಿ ಒಂದು ಇಟ್ಕೊಂಡ್ರೆ ಅಭ್ಯಾಸ ಆಗುತ್ತೆ," ಎಂದು ದೀಪಾವಳಿ ಆಫರಿನಲ್ಲಿ ನೆಲ ಗುಡಿಸುವ ರೋಬೋಟು ತರಿಸಿಬಿಟ್ಟಳು. ಒಬ್ಬಟ್ಟಿನ ಹಾಗೆ ದುಂಡಗೆ, ಚಪ್ಪಟೆಯಾಗಿತ್ತು. ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ದುಂಡಣ್ಣ ಎಂದು ಹೆಸರಿಟ್ಟಳು.

ನಾನು ಪಂಚೆ ಉಟ್ಟು ಪೇಪರ್ ಓದುತ್ತಾ ಕೂತಿದ್ದೆ. ದುಂಡಣ್ಣ ಸೋಫಾದ ಕೆಳಗಿನಿಂದ ಬಂದವನೇ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡು ಎಳೆಯತೊಡಗಿದ. ನಾನು ಎಳೆದೆ, ಅವನೂ ಎಳೆದ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಹೆಂಡತಿ ಬಾಗಿಲು ತೆರೆದರೆ ಪಕ್ಕದ ಮನೆಯ ಪಂಜಾಬಿ ಆಂಟಿ, ಕೈಯಲ್ಲಿ ಪ್ರಸಾದದ ತಟ್ಟೆ. ನಾನು ಅರ್ಧ ಪಂಚೆಯಲ್ಲಿ ಸೋಫಾದ ಮೇಲೆ ನಿಂತು, ನಗುತ್ತಾ "ನಮಸ್ತೇ ಜೀ" ಎಂದೆ. ಉಳಿದರ್ಧ ಪಂಚೆ ದುಂಡಣ್ಣನ ಹೊಟ್ಟೆಯಲ್ಲಿತ್ತು. ಆಂಟಿ ಪ್ರಸಾದವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೇ ಇಟ್ಟು ಹೋದರು.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ದುಂಡಣ್ಣ ಹೊರಡುವ ಮೊದಲು ನಾನು ಚಪ್ಪಲಿ, ಪೇಪರು, ಕಾಲುಚೀಲ, ಚಾರ್ಜರ್ ವೈರು ಎಲ್ಲ ಎತ್ತಿಡಬೇಕು. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಅವನ ಕೆಲಸ ಮುಗಿದ ಮೇಲೆ ಅವನ ಬ್ರಷ್ಷಿಗೆ ಸುತ್ತಿಕೊಂಡ ಕೂದಲು ಬಿಡಿಸಬೇಕು. ಮದುವೆಯಾದಾಗಿನಿಂದ ಇದರಲ್ಲಿ ಒಂದನ್ನೂ ನಾನು ಮಾಡಿದವನಲ್ಲ.

ಒಂದು ಬೆಳಿಗ್ಗೆ ನಾನು ಬೆನ್ನು ಬಗ್ಗಿಸಿ ವೈರು ಸುತ್ತುತ್ತಿರುವಾಗ ಹೆಂಡತಿ ಕಾಫಿ ಹೀರುತ್ತಾ ಹೇಳಿದಳು: "ರೋಬೋಟ್ ಬಂದ್ರೆ ಜನರ ಕೆಲಸ ಹೋಗುತ್ತೆ ಅಂತ ಅದೇನೇನೋ ಬರೀತೀರಲ್ಲ ರೀ. ನಮ್ಮನೇಲಿ ನೋಡಿ, ಇದ್ದೊಬ್ಬ ನಿರುದ್ಯೋಗಿಗೂ ಕೆಲಸ ಕೊಟ್ಟಿದೆ."

ಟೊಮೆಟೊ ತೋಟ

ಆಹಾರ ಬೆಳೆಯುವುದರಲ್ಲಿ ಯಂತ್ರಗಳ ಪಾತ್ರ ನೋಡಿಕೊಂಡು ಬನ್ನಿ ಎಂದು ಜನವರಿಯ ಚಳಿಯಲ್ಲಿ ಸಾಹೇಬರು ನನ್ನನ್ನು ಗುರುಗ್ರಾಮದ ಆಚೆಗಿನ ಒಂದು ತೋಟಕ್ಕೆ ಕಳಿಸಿದರು. ಈ ವರದಿಯನ್ನಾದರೂ ಚೆನ್ನಾಗಿ ಬರೆದು ಸೆಕ್ಷನ್ ಉಳಿಸಿಕೊಳ್ಳಬೇಕು ಎಂಬ ಛಲ ನನಗೆ. ದಟ್ಟ ಮಂಜು. ಹೆಂಡತಿ ತಾನೇ ಹೆಣೆದ ಕೆಂಪು ಮಂಕಿ ಕ್ಯಾಪನ್ನು ಕಿವಿ ಮುಚ್ಚುವ ಹಾಗೆ ತೊಡಿಸಿ ಕಳಿಸಿದ್ದಳು.

ತೋಟ ಎಂದರೆ ತೋಟವಲ್ಲ, ದೊಡ್ಡ ಗೋದಾಮು. ಮಣ್ಣಿಲ್ಲ, ಬಿಸಿಲಿಲ್ಲ, ಎಲ್ಲೆಲ್ಲೂ ನೇರಳೆ ದೀಪ. ಪೈಪುಗಳಲ್ಲಿ ನೀರು ಹರಿಯುತ್ತಿತ್ತು, ಅದರ ಮೇಲೆ ಟೊಮೆಟೊ ಗಿಡಗಳು ತೂಗಾಡುತ್ತಿದ್ದವು. ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹುಡುಗಿ ದಾವಣಗೆರೆಯವಳು, ದೆಹಲಿಯ ಹೌಜ್ ಖಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು. ನನ್ನ ಇಂಗ್ಲಿಷ್ ಕೇಳಿದ ಕೂಡಲೇ, "ಸರ್, ನೀವು ಕನ್ನಡದೋರಾ?" ಎಂದು ಪತ್ತೆ ಹಚ್ಚಿದಳು.

"ಹೌದಮ್ಮ. ಇಲ್ಲಿ ಕೆಲಸಗಾರರು ಎಲ್ಲಿ?"

"ಅದೋ ಸರ್, ಅಲ್ಲಿ." ಒಂದು ಉದ್ದನೆಯ ಕಬ್ಬಿಣದ ತೋಳು ಹಳಿಯ ಮೇಲೆ ಓಡಾಡುತ್ತಾ ಹಣ್ಣು ಕೀಳುತ್ತಿತ್ತು. ಮೂತಿಯಲ್ಲಿ ಕ್ಯಾಮೆರಾ. "ಬಣ್ಣ ನೋಡಿ ಗುರುತು ಹಿಡಿಯುತ್ತೆ ಸರ್. ಕೆಂಪಗಿದ್ರೆ ಹತ್ರ ಬಂದು ಪರೀಕ್ಷೆ ಮಾಡುತ್ತೆ."

ಅವಳು ಹಳದಿ ಗೆರೆ ದಾಟಬೇಡಿ ಎಂದಿದ್ದಳು. ಆದರೆ ತಪಾಸಣೆಗೆ ಬಂದ ಅಧಿಕಾರಿ ಗೆರೆಯೀಚೆ ನಿಂತರೆ ಏನು ಮರ್ಯಾದೆ? ದಾಟಿದೆ. ಗಿಡದ ಬುಡಕ್ಕೆ ಬಗ್ಗಿ, "ಮಣ್ಣೇ ಇಲ್ಲದೆ ಬೇರು ಹೆಂಗಮ್ಮಾ..." ಎನ್ನುವಷ್ಟರಲ್ಲಿ ತೋಳು ನನ್ನತ್ತ ತಿರುಗಿತು. ನನ್ನ ಕೆಂಪು ಟೋಪಿಯ ಮುಂದೆ ಬಂದು ನಿಂತಿತು. ಮೂರು ಬೆರಳುಗಳಿಂದ ತಲೆಯನ್ನು ಮೆತ್ತಗೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿತು. ನನಗೆ ಮನೆದೇವರೆಲ್ಲ ನೆನಪಾದರು.

"ಅಲ್ಲಾಡಬೇಡಿ ಸರ್!" ಎಂದು ಹುಡುಗಿ ಕೂಗಿದಳು. ಹಾಗೇ ನಿಂತೆ. ತೋಳು ಸ್ವಲ್ಪ ಹೊತ್ತು ಯೋಚಿಸಿ, ತಲೆ ಬಿಟ್ಟು, ಮುಂದಿನ ಗಿಡಕ್ಕೆ ಹೊರಟುಹೋಯಿತು.

ಜೀವ ಬಂದ ಮೇಲೆ ಕೇಳಿದೆ, "ಯಾಕಮ್ಮಾ ಬಿಟ್ಟುಬಿಡ್ತು?"

ಹುಡುಗಿ ಪರದೆ ನೋಡಿದಳು. ತುಟಿ ಕಚ್ಚಿಕೊಂಡಳು. "ಬಿಡಿ ಸರ್."

"ಇಲ್ಲ, ವರದಿಗೆ ಬೇಕು, ಹೇಳು."

"ಗಾತ್ರ ಜಾಸ್ತಿ, ಮೇಲ್ಭಾಗ ನುಗ್ಗಾಗಿದೆ, ಮಾರಾಟಕ್ಕೆ ಯೋಗ್ಯವಲ್ಲ ಅಂತ ಬಂದಿದೆ, ಸರ್."

ವರದಿಯಲ್ಲಿ ಯಂತ್ರದ ಗುಣಗಳನ್ನು ಪುಟಗಟ್ಟಲೆ ಹೊಗಳಿದೆ. ಅದರ ತೀರ್ಪು ಕರಾರುವಾಕ್ಕಾಗಿರುತ್ತದೆ ಎಂಬ ಒಂದು ವಾಕ್ಯವನ್ನು ಮಾತ್ರ ಬರೆಯಲು ಮನಸ್ಸು ಬರಲಿಲ್ಲ.

ನೀವು ತಗೊಳ್ಳಿ, ನೀವು ತಗೊಳ್ಳಿ

ಹಣಕಾಸು ವಿಭಾಗದಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹಿರಿಯ ಅಧಿಕಾರಿ ಇದ್ದರು. ಸೆಕ್ಷನ್ ಮುಚ್ಚುವ ಫೈಲು ಕೊನೆಗೆ ಅವರ ಮೇಜನ್ನು ಹಾದೇ ಹೋಗಬೇಕು. ಅವರನ್ನೊಮ್ಮೆ ಊಟಕ್ಕೆ ಕರೆಯೋಣ ಎಂದೆ. ಹೆಂಡತಿ, "ಅದು ವಶೀಲಿ ಆಗಲ್ವಾ?" ಎಂದಳು. "ಛೆ, ಬರೀ ಸ್ನೇಹ," ಎಂದೆ, ಅವಳ ಕಡೆ ನೋಡದೆ.

ಮಗಳ ಹಟಕ್ಕೆ ನೋಯ್ಡಾದ ಮಾಲ್ ಒಂದರ ಹೋಟೆಲಿಗೆ ಹೋದೆವು. ಅಲ್ಲಿ ಬಡಿಸಲು ರೋಬೋಟು. ಗಾಲಿಗಳ ಮೇಲೆ ಅಲಮಾರು ನಿಂತಂತೆ. ಅದು ತಟ್ಟೆಗಳನ್ನು ಹೊತ್ತು ಬಂದು, ನಮ್ಮ ಮೇಜಿನ ಪಕ್ಕ ನಿಂತು, ಹಿಂದಿಯಲ್ಲಿ "ದಯವಿಟ್ಟು ನಿಮ್ಮ ಊಟ ತೆಗೆದುಕೊಳ್ಳಿ" ಎಂದಿತು. ಪನೀರು, ದಾಲ್, ಬಿಸಿ ಬಿಸಿ ನಾನ್, ಘಮಘಮ.

"ತಗೊಳ್ಳಿ ಸರ್," ಎಂದೆ ನಾನು.

"ಏ, ನೀವು ತಗೋರಿ ಮೊದಲು," ಎಂದರು ಅವರು.

"ಉಂಟೇ ಸರ್, ಅತಿಥಿಗಳು ನೀವು."

"ನಾವೇನು ಹೊರಗಿನವರೇನ್ರಿ? ಹೆಣ್ಮಕ್ಕಳು ಮೊದಲು ತಗೋಲಿ."

ನನ್ನ ಹೆಂಡತಿ ಅವರ ಹೆಂಡತಿಗೆ, "ಬನ್ನಿ, ನೀವು ಮೊದಲು," ಎಂದಳು. ಅವರ ಹೆಂಡತಿ, "ಅಯ್ಯ, ನೀವು ಹಿರಿಯರು," ಎಂದರು. ನನ್ನ ಹೆಂಡತಿಗೆ ಅದು ರುಚಿಸಲಿಲ್ಲ. ಯಾರು ಹಿರಿಯರು ಎಂಬುದು ಅಲ್ಲೇ ಚರ್ಚೆಯಾಯಿತು. ನಮ್ಮಲ್ಲಿ ಈ ಉಪಚಾರ ಮೂರು ಸುತ್ತು ನಡೆಯದೆ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಮನುಷ್ಯರು ಬಡಿಸಿದ್ದರೆ ಕಾಯುತ್ತಿದ್ದರು. ರೋಬೋಟು ಇನ್ನೊಮ್ಮೆ "ತೆಗೆದುಕೊಳ್ಳಿ" ಎಂದಿತು. ನಾವು ಅದಕ್ಕೂ, "ಹಾಂ ಹಾಂ, ಆಗಲಿ," ಎಂದೆವು. ಅದು "ಧನ್ಯವಾದ" ಎಂದು ಊಟದ ಸಮೇತ ಹೊರಟಿತು.

"ಭಯ್ಯಾ! ರುಕೋ!" ಎಂದು ಹಿಂದೆ ಓಡಿದೆ. ಯಂತ್ರಕ್ಕೆ ಯಾರು ಭಯ್ಯಾ? ಅದು ಆಚೆ ಮೇಜಿನ ಪಕ್ಕ ದಾರಿ ತಪ್ಪಿ ನಿಂತಿತು. ಅಲ್ಲೊಂದು ದೊಡ್ಡ ಕುಟುಂಬ. ಅವರಲ್ಲಿ ಯಾರೂ ಯಾರಿಗೂ 'ನೀವು ಮೊದಲು' ಎನ್ನಲಿಲ್ಲ. ನಾನು ತಲುಪುವಷ್ಟರಲ್ಲಿ ನಮ್ಮ ನಾನ್ ಹರಿದು ನಮ್ಮ ದಾಲಿಗೆ ಅದ್ದಿಯಾಗಿತ್ತು.

ಖಾಲಿ ಕೈಯಲ್ಲಿ ಮರಳಿದೆ. ಬಾಗಲಕೋಟೆ ಸಾಹೇಬರು ಮೊದಲೇ ಮೇಜಿಗೆ ಬಂದು ಉಳಿದಿದ್ದ ಒಂದೇ ಒಂದು ಹಪ್ಪಳದ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಗೋರಿ," ಎಂದರು.

ಅಭ್ಯಾಸಬಲ ನೋಡಿ. "ಇಲ್ಲ ಸರ್, ನೀವು ತಗೊಳ್ಳಿ," ಎಂದೆ. ಅವರು ತಗೊಂಡುಬಿಟ್ಟರು.

ಯಂತ್ರದ ಟಿಪ್ಪಣಿ

ಕೊನೆಗೂ ಆ ಸಾಫ್ಟ್‌ವೇರ್ ಬಂತು. ಅದಕ್ಕೆ ಬರೆಯುವುದನ್ನು ಕಲಿಸಲು ನಮ್ಮ ಸೆಕ್ಷನ್ನಿನ ಹಳೆಯ ಫೈಲುಗಳನ್ನೆಲ್ಲ ಉಣಿಸಿದರು. ಹಳೆಯ ಫೈಲುಗಳೆಂದರೆ ಬಹುಪಾಲು ನನ್ನವೇ ಟಿಪ್ಪಣಿಗಳು. ಕೋಲು ಕೊಟ್ಟು ಪೆಟ್ಟು ತಿನ್ನುವುದೆಂದರೆ ಇದೇ.

ನಾನು ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಮೇಲಧಿಕಾರಿ ಹೇಳಿದ್ದರು: "ತೀರ್ಮಾನ ಬರೆದವನು ಸಿಕ್ಕಿಬೀಳುತ್ತಾನೆ, ಅಭಿಪ್ರಾಯ ಕೇಳಿದವನು ಸುಖವಾಗಿ ನಿವೃತ್ತನಾಗುತ್ತಾನೆ." ಅಂದಿನಿಂದ ನಾನು ಯಾವ ಫೈಲಿನ ಮೇಲೂ ಹೌದು ಎಂದವನಲ್ಲ, ಅಲ್ಲ ಎಂದವನೂ ಅಲ್ಲ.

ಪ್ರಯೋಗದ ದಿನ ಸಾಹೇಬರು ಮೊದಲು ಒಂದು ಸುಲಭದ ಪ್ರಶ್ನೆ ಹಾಕಿದರು: ಮಹಡಿಯ ವಾಟರ್ ಕೂಲರ್ ಸೋರುತ್ತಿದೆ, ರಿಪೇರಿ ಮಾಡಿಸಬಹುದೇ? ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಬರೆಯಿತು: "ವಿಷಯ ಪರಿಶೀಲನೆಗೆ ಅರ್ಹವಾಗಿದೆ. ಸೋರಿಕೆ ಎಂದರೇನು ಎಂಬ ಬಗ್ಗೆ ಮೊದಲು ಸ್ಪಷ್ಟನೆ ಪಡೆಯಬಹುದು. ಹಣಕಾಸು ವಿಭಾಗದ ಅಭಿಪ್ರಾಯ ಬರುವವರೆಗೆ ಯಥಾಸ್ಥಿತಿ ಕಾಪಾಡಬಹುದು."

ಸಾಹೇಬರು ಹುಬ್ಬೇರಿಸಿದರು. "ಅರೇ, ಥೇಟ್ ನಿಮ್ಮ ಹಾಗೇ ಬರೆಯುತ್ತಲ್ಲ!"

ನನ್ನ ಹಾಗೇ ಬರೆಯುವುದಾದರೆ ನಾನೇಕೆ? ಕರಿಬೇವಿನ ಗಿಡ ಯಾರ ಪಾಲೋ ಎಂದುಕೊಂಡೆ. ಸಾಹೇಬರು ಹುರುಪಿನಿಂದ ಮುಖ್ಯ ಪ್ರಶ್ನೆಯನ್ನೇ ಹಾಕಿದರು: ಈ ಸೆಕ್ಷನ್ನನ್ನು ಮುಚ್ಚಬಹುದೇ?

ಯಂತ್ರ ಬರೆಯಿತು: "ಪ್ರಸ್ತಾವ ಸೂಕ್ಷ್ಮವಾಗಿದೆ. ತೀರ್ಮಾನಕ್ಕೆ ಮುನ್ನ ಸಂಬಂಧಪಟ್ಟ ಸೆಕ್ಷನ್ನಿನ ಅಭಿಪ್ರಾಯ ಪಡೆಯುವುದು ಸೂಕ್ತ."

ಸಾಹೇಬರೂ ಹಳೇ ಕಾಲದವರೇ. ಇಂಥ ವಾಕ್ಯದ ಕೆಳಗೆ ಸಹಿ ಹಾಕಿ ಹಾಕಿ ಕೈ ರೂಢಿಯಾಗಿದೆ. "ಹಾಗೇ ಮಾಡಿ" ಎಂದು ಒಪ್ಪಿಗೆ ಒತ್ತಿಬಿಟ್ಟರು. ಸೆಕ್ಷನ್ ಮುಚ್ಚುವ ಫೈಲು ಅಭಿಪ್ರಾಯಕ್ಕಾಗಿ ಆ ಸೆಕ್ಷನ್ನಿಗೇ, ಅಂದರೆ ನನ್ನ ಮೇಜಿಗೇ ಬಂತು.

ನನ್ನ ಕೈಕೆಳಗಿನ ಸಹಾಯಕಿ ದೆಹಲಿಯವರೇ, ನನಗಿಂತ ಹುಷಾರು. "ಸರ್, ಹಿಂದಿನ ಹಾಗೇ ಏನಾದರೂ ಸುತ್ತಿಬಳಸಿ ಬರೆದು ಬೇರೆ ವಿಭಾಗಕ್ಕೆ ಕಳಿಸಿ. ಫೈಲು ಓಡಾಡುತ್ತಿರುವವರೆಗೆ ಸೆಕ್ಷನ್ನನ್ನು ಯಾರೂ ಮುಟ್ಟುವ ಹಾಗಿಲ್ಲ," ಎಂದರು.

ಮಾತು ನಿಜ. ಆದರೆ ಯಂತ್ರ ಬರೆದ ಟಿಪ್ಪಣಿಯನ್ನು ಓದಿದಾಗ ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಇಷ್ಟು ವರ್ಷ ನಾನು ಬರೆದದ್ದು ಹೀಗೆ ಕಾಣುತ್ತಿತ್ತೇ? ಮನೆಯಲ್ಲಿ ಹೇಳಿದರೆ ಹೆಂಡತಿ, "ಒಂದ್ಸಲನಾದ್ರೂ ಮನುಷ್ಯರ ಹಾಗೆ ಬರೀರಿ. ಮನೆ ಹೋದ್ರೆ ಹೋಗ್ಲಿ," ಎಂದಳು. ಬಾಲ್ಕನಿಯ ಕಡೆ ಮಾತ್ರ ನೋಡಲಿಲ್ಲ.

ಮರುದಿನ ಬಾಗಿಲು ಹಾಕಿಕೊಂಡು ಬರೆದೆ: "ಈ ಸೆಕ್ಷನ್ ಮುಚ್ಚಬಾರದು. ಯಂತ್ರ ಎಷ್ಟೇ ಬರೆದರೂ, ಅದನ್ನು ಓದಿ ಹೌದು ಅಥವಾ ಅಲ್ಲ ಎಂದು ಹೇಳಿ ತಪ್ಪಾದರೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಬೇಕು. ಆ ಕೆಲಸಕ್ಕೆ ನಾನು ಸಿದ್ಧ." ಸಹಿ ಹಾಕಿದೆ. ನೌಕರಿಯಲ್ಲಿ ನಾನು ಬರೆದ ಮೊದಲ ತೀರ್ಮಾನ ಅದು. ಕಳಿಸಿ, ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ. ಎದೆ ಎತ್ತಿ ನಡೆದೆ. ಏನಾದರಾಗಲಿ ಎನ್ನಿಸಿತು.

ಸಂಜೆಗೆ ಫೈಲು ವಾಪಸು ಬಂತು. ಸಹಾಯಕಿ ಬಂದು ನನ್ನ ಹಿಂದೆ ನಿಂತರು. ತೆರೆದು ನೋಡಿದೆ. ನನ್ನ ಟಿಪ್ಪಣಿಯ ಕೆಳಗೆ ಸಾಹೇಬರು ಬರೆದಿದ್ದರು:

"ಇಷ್ಟು ಸ್ಪಷ್ಟವಾಗಿ ನೀವು ಬರೆಯುವುದು ಸಾಧ್ಯವೇ ಇಲ್ಲ. ಇದು ಯಂತ್ರದ ಕೆಲಸ. ದಯವಿಟ್ಟು ಸ್ವಂತವಾಗಿ ಬರೆದು ಮತ್ತೆ ಕಳಿಸಿ."