ಒಂದು ಹುದ್ದೆ, ಹೆಂಕ್ ಮತ್ತು ನಾನು

ಅಸೂಯೆ ಎಂಬುದು ನನಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಕೈಯಲ್ಲಿ ಕೆಲಸವಿದ್ದಾಗ ಅದು ಯಾರಿಗೂ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು. ಹರಿಹರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದವಳು ನಾನು. ಹೆಲ್ಮೆಟ್ ಇಲ್ಲದೆ ಬಂದ ಮಾಲೀಕರನ್ನೇ ಗೇಟಿನಿಂದ ವಾಪಸು ಕಳಿಸಿದ್ದೆ. ಅಂಥವಳು ಗಂಡ ಶ್ರೀಧರನ ಸಾಫ್ಟ್‌ವೇರ್ ಕೆಲಸದ ಬೆನ್ನು ಹತ್ತಿ ನೆದರ್ಲೆಂಡ್ಸಿನ ದ ಹೇಗ್‌ಗೆ ಬಂದು, ಎರಡು ವರ್ಷ ಸ್ವಂತ ಮನೆಯಲ್ಲಿ ಅಪಘಾತವಾಗದಂತೆ ಕಾಯುತ್ತ ಕೂತೆ. ಪಾಪ, ಸ್ಟೂಲ್ ಹತ್ತುವ ಮುಂಚೆ ಅವನು ನನ್ನ ಮುಖ ನೋಡುತ್ತಿದ್ದ. "ಬೇಗ ಎಲ್ಲಾದ್ರೂ ಕೆಲಸ ಸಿಗ್ಲಿ ಕಣೆ ನಿಂಗೆ. ಒಂದು ಬಲ್ಬ್ ಹಾಕೋಕೂ ಪರ್ಮಿಷನ್ ಕೇಳೋ ಹಾಗಾಗಿದೆ" ಎನ್ನುತ್ತಿದ್ದ.

ಕೆಲಸಗಳು ಕಡಿಮೆಯಿದ್ದ ವರ್ಷಗಳವು. ಇದ್ದ ಒಂದೊಂದು ಸುರಕ್ಷತಾ ಹುದ್ದೆಗೂ ದೊಡ್ಡ ಸಾಲು. ನನ್ನನ್ನು ಸಂದರ್ಶನಕ್ಕೆ ಕರೆದ ಕಡೆಯೆಲ್ಲ ಉದ್ದನೆಯ, ಬಿಳಿಗೂದಲಿನ ಒಬ್ಬರೇ ವ್ಯಕ್ತಿ ಮೊದಲೇ ಬಂದು ಕೂತಿರುತ್ತಿದ್ದರು. ಮೂರನೇ ಸಲ ಅವರು ತಮ್ಮ ಚೀಲ ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಹೆಸರು ಹೆಂಕ್. ರಾಟರ್‌ಡ್ಯಾಮ್ ಬಂದರಿನಲ್ಲಿ ಅರ್ಧ ಆಯಸ್ಸು ಇದೇ ಕೆಲಸ ಮಾಡಿದವರು. ಅವರ ವಿಭಾಗ ಮುಚ್ಚಿಹೋಗಿತ್ತು.

"ನನಗೆ ವಯಸ್ಸು ಜಾಸ್ತಿಯಾಯಿತಂತೆ. ನಿನಗೇನಂತೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಡಚ್ ಕಡಿಮೆಯಂತೆ."

"ಹಾಗಾದರೆ ನಿನ್ನದನ್ನು ರಿಪೇರಿ ಮಾಡಬಹುದು."

ಮಾಡಿಯೂ ಮಾಡಿದರು. ಪ್ರತಿ ಗುರುವಾರ ರಾಟರ್‌ಡ್ಯಾಮಿನ ಲೈಬ್ರರಿಯಲ್ಲಿ ನನಗೆ ಪಾಠ. ಸುರಕ್ಷತೆಗೆ ಡಚ್ಚರು 'ಫೈಲಿಖ್‌ಹೈಟ್' ಎನ್ನುತ್ತಾರೆ. ನಡುವಿನ ಆ ಖಕಾರ ಗಂಟಲು ಕೆರೆದುಕೊಂಡೇ ಹೊರಬರಬೇಕು. ಒಂದು ತಿಂಗಳು ಕೆರೆದದ್ದಕ್ಕೆ ಶ್ರೀಧರ ನನಗೆ ಕೆಮ್ಮಿನ ಔಷಧಿ ತಂದುಕೊಟ್ಟ. ಗುರುದಕ್ಷಿಣೆಯಾಗಿ ನಾನು ಚಿತ್ರಾನ್ನ ಒಯ್ಯುತ್ತಿದ್ದೆ. ಹೆಂಕ್ ಹಸಿಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಯ ಅಂಚಿಗಿಟ್ಟು, "ಇದಕ್ಕೊಂದು ಎಚ್ಚರಿಕೆ ಫಲಕ ಬೇಕು" ಎಂದು ಗಂಭೀರವಾಗಿ ಹೇಳಿ, ಅಗುಳು ಬಿಡದಂತೆ ತಿನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ತಮಗಾಗಿ ಬೇರೆಯವರು ಮಾಡಿದ ಊಟ ಇದೇ ಮೊದಲು ಎಂದು ಒಮ್ಮೆ ಹೇಳಿದರು. ಮುಂದಿನ ವಾರ ಎರಡು ಡಬ್ಬಿ ಒಯ್ದೆ.

ಇಷ್ಟೆಲ್ಲ ಇದ್ದೂ ನಾನು ಮಾಡಿದ್ದು ಕೇಳಿ. ಒಂದು ಸೋಮವಾರ, ರಾಟರ್‌ಡ್ಯಾಮಿನ ಗೋದಾಮೊಂದರಲ್ಲಿ ಸುರಕ್ಷತಾ ಅಧಿಕಾರಿ ಬೇಕೆಂಬ ಜಾಹೀರಾತು ಕಂಡಿತು. ಮಧ್ಯಾಹ್ನದೊಳಗೆ ಅರ್ಜಿ ಹಾಕಿದೆ. ಗುರುವಾರ ಹೆಂಕ್, "ಹೊಸದೇನಾದರೂ ಕಣ್ಣಿಗೆ ಬಿತ್ತೆ?" ಎಂದು ಕೇಳಿದರು. "ಏನೂ ಇಲ್ಲ" ಎಂದು ಡಚ್ಚಿನಲ್ಲೇ ಹೇಳಿದೆ. ಉಚ್ಚಾರಣೆ ಬಹಳ ಸುಧಾರಿಸಿದೆ ಎಂದು ಮೆಚ್ಚಿಕೊಂಡರು.

ಶನಿವಾರ ಅವರಿಂದ ಮೇಲ್ ಬಂತು. ಅದೇ ಜಾಹೀರಾತು. "ಇದು ನಿನಗೆ ಸರಿಹೊಂದುತ್ತದೆ. ನಾಳೆಯೇ ಕೊನೆಯ ದಿನ, ತಡಮಾಡಬೇಡ. ನಾನೂ ಹಾಕಿದ್ದೇನೆ." ನಾನು ಅರ್ಧ ಗಂಟೆ ಬಿಟ್ಟು, "ತುಂಬಾ ಥ್ಯಾಂಕ್ಸ್, ಈಗಲೇ ಹಾಕುತ್ತೇನೆ" ಎಂದು ಉತ್ತರ ಬರೆದೆ.

ಕೆಲಸ ನನಗೆ ಸಿಕ್ಕಿತು. ಹೆಂಕ್‌ಗೆ ಹೇಳಲು ಲೈಬ್ರರಿಗೆ ಹೋದೆ. ಅವರು ಎದ್ದು ನಿಂತು ಕೈ ಕುಲುಕಿ, ಬಂದರಿನಲ್ಲಿ ಬಳಸುತ್ತಿದ್ದ ಪುಟ್ಟ ಟಾರ್ಚನ್ನು ನನ್ನ ಅಂಗೈಯಲ್ಲಿಟ್ಟರು. "ಕಪಾಟುಗಳ ಹಿಂದೆ ನೋಡು. ಎಲ್ಲರೂ ಮುಂದಿನದನ್ನಷ್ಟೇ ಒರೆಸಿಟ್ಟಿರುತ್ತಾರೆ." ತಮಗೂ ಸರಕು ಎತ್ತುವ ಫೋರ್ಕ್‌ಲಿಫ್ಟ್ ತರಬೇತಿ ಕೊಡುವ ಕೆಲಸ, ವಾರಕ್ಕೆರಡು ದಿನ, ಸಿಗುವ ಹಾಗಿದೆ ಎಂದರು. ನನಗೆ ತಡೆಯಲಾಗಲಿಲ್ಲ. ಸೋಮವಾರದಿಂದ ಶನಿವಾರದವರೆಗಿನದನ್ನೆಲ್ಲ ಹೇಳಿಬಿಟ್ಟೆ.

ಹೆಂಕ್ ಕಿವಿಯವರೆಗೂ ಕೆಂಪಾದರು. "ನಾನದನ್ನು ಬುಧವಾರವೇ ನೋಡಿದ್ದೆ. ಕಳಿಸಲೋ ಬೇಡವೋ ಎಂದು ಮೂರು ದಿನ ಇಟ್ಟುಕೊಂಡಿದ್ದೆ." ಇಬ್ಬರೂ ಎಷ್ಟು ನಕ್ಕೆವೆಂದರೆ ಲೈಬ್ರರಿಯವಳು ಬಂದು ನಮ್ಮನ್ನು ಹೊರಗೆ ಕಳಿಸಿದಳು.

ಮನೆ ಸೇರುವಷ್ಟರಲ್ಲಿ ನನ್ನ ನಗು ಇಳಿದಿತ್ತು. "ನೋಡೋ, ಎಂಥ ಮನುಷ್ಯ" ಎಂದು ಶ್ರೀಧರನ ಮುಂದೆ ಕೂತೆ. "ನಾನು ವಾರವಾರ ಚಿತ್ರಾನ್ನ ಕಟ್ಕೊಂಡು ಹೋಗಿದೀನಿ. ಮೂರು ದಿನ ಮುಚ್ಚಿಟ್ಕೊಂಡಿದ್ರಂತೆ, ಮೂರು ದಿನ."

"ನೀನು ಹೇಳೇ ಇರ್ಲಿಲ್ಲ ಅಲ್ವಾ?" ಎಂದ.

ಅದು ಬೇರೆ ವಿಷಯ ಎಂದೆ. ಹೇಗೆ ಬೇರೆ ಎಂದು ಅವನು ಕೇಳಿದ, ಇಂದಿಗೂ ಯೋಚಿಸುತ್ತಿದ್ದೇನೆ.